ವಿಭಕ್ತಿ ಹಚ್ಚಬಾರದ ಹೆಸರು

ಸಂಘದಿಂದ ಪುಸ್ತಿಕೆ ಬಂತು, ಇಪ್ಪತ್ತೆರಡು ಪುಟ,
ನುಣ್ಣನೆಯ ಕಾಗದ. ನಮ್ಮ ಇನಾಸ್ ಪ್ರೆಸ್ಸಿನಲ್ಲಿ
ಮದುವೆ ಕಾರ್ಡಿಗೂ ಅಂಥದ್ದು ಹಾಕಿದ್ದಿಲ್ಲ.
ಮೇಲೆ ಬರೆದಿತ್ತು: ಗುರುತಿನ ಸರಿಯಾದ ಬಳಕೆ.

ಗುರುತು ಅಂದರೆ ಕೈ ಕೈ ಹಿಡಿದ ಮೂರು ಹೆಣ್ಣು,
ತ್ರಿಕೋನದ ಮೈ, ಕಡ್ಡಿ ಕಾಲು,
ಕೆಮ್ಮಣ್ಣಿನ ಬಣ್ಣದ ಮೇಲೆ ಬಿಳಿ ಎಳೆ.
ಅಡಿಯಲ್ಲಿ ಹೆಸರು: ಸಾಲುಗೊಂಬೆ.
ಅದರ ಹೆಗಲ ಮೇಲೆ ನೊಣ ಕೂತ ಹಾಗೆ
ಸುತ್ತು ಹಾಕಿದ ಒಂದು ಆರ್.

ಓರೆ ಮಾಡಬೇಡಿ, ಹಿಗ್ಗಿಸಬೇಡಿ, ನೆರಳು ಕೊಡಬೇಡಿ,
ಸುತ್ತಲೂ ಒಂದು ಗೊಂಬೆಯ ತಲೆಯಷ್ಟು ಜಾಗ ಖಾಲಿ ಬಿಡಿ.
ಇದೆಲ್ಲ ಒಂದು ಬೆಳಗಿನ ಪಾಠ.
ನಾನು ಮುಗ್ಗರಿಸಿದ್ದು ಒಂಬತ್ತನೆಯ ಪುಟದಲ್ಲಿ:
ಹೆಸರಿಗೆ ಯಾವ ಪ್ರತ್ಯಯವನ್ನೂ ಹಚ್ಚತಕ್ಕದ್ದಲ್ಲ.
ಬಹುವಚನ ಕೂಡದು.

ಗೊಂಬೆ ಮೂರು, ನಿಂತದ್ದು ಸಾಲಾಗಿ,
ಆದರೂ ‘ಗಳು’ ಇಲ್ಲ!

ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ
ಎಂದು ಬೆತ್ತದ ತಾಳಕ್ಕೆ ಒಪ್ಪಿಸಿದವಳು ನಾನು.
ವಿಭಕ್ತಿ ಇಲ್ಲದೆ ಕನ್ನಡದಲ್ಲಿ
ಪಕ್ಕದ ಮನೆಗೂ ಹೋಗಲಿಕ್ಕಾಗದು.
ಕಾರ್ಯದರ್ಶಿ ಲಲಿತಾಕ್ಷಿ ಕೊಟ್ಟ ಕರಪತ್ರದಲ್ಲಿ
ಸಾಲುಗೊಂಬೆಯ ರುಚಿ ನೋಡಿ, ಅಂತಿತ್ತು.
ಸಾಲುಗೊಂಬೆ ಉಪ್ಪಿನಕಾಯಿಯ ರುಚಿ ನೋಡಿ, ಅಂತ ತಿದ್ದಿದೆ.
ಸಾಲುಗೊಂಬೆಯಿಂದ ಹೊಸ ಜೋನಿಬೆಲ್ಲ, ಅಂತಿತ್ತು.
ಕೆಂಪು ಪೆನ್ನಿನಲ್ಲಿ ಬಾಲ ಕತ್ತರಿಸಿದೆ.
ಹೆಸರು ಮದುಮಗಳ ಹಾಗೆ ಬರಿಗೈಯಲ್ಲಿ ನಡೆಯಿತು,
ಹಿಂದಿನ ಪದ ಟ್ರಂಕು ಹೊತ್ತು ಬಂತು.

ಮಧ್ಯಾಹ್ನ ತ್ಯಾಗರ್ತಿ ಬಸ್ಸಿಳಿದು ಗುತ್ಯಮ್ಮ ಬಂದಳು,
ತಂಗಿಯ ಮೊಮ್ಮಗಳ ಲಗ್ನಪತ್ರಿಕೆ ಮಾಡಿಸಲಿಕ್ಕೆ.
ಮೇಜಿನ ಮೇಲಿನ ಕರಡು ನೋಡಿ, ‘ಇದನ್ನೇ ಹಾಕು’ ಅಂದಳು.
‘ಆಗೂದಿಲ್ಲಮ್ಮ, ಸಂಘದ್ದು. ಹದಿನಾಲ್ಕನೇ ಪುಟ,
ಲಿಖಿತ ಅನುಮತಿ ಬೇಕು.’
‘ನಾನೇ ಬರೆದದ್ದಲ್ಲನೇ, ಲಲಿತಾಕ್ಷಿ ಮನೆ ಗ್ವಾಡೆ ಮೇಲೆ?’
(ನಮ್ಮ ಕಡೆ ಚಿತ್ತಾರ ಬಿಡಿಸುವುದಿಲ್ಲ, ಬರೆಯುವುದು.)

ನಾನು ಪುಟ ತಿರುವುತ್ತಿದ್ದೆ. ಅವಳು ಬೆರಳಿಟ್ಟು ಕೇಳಿದಳು:
‘ನಡುವಿನವಳ ಕೈ ಯಾಕೆ ಹೀಗೆ ಸೆಟೆದಿದೆ?
ನನ್ನವಳು ಎಡಗಡೆಯವಳ ಮೇಲೆ ಚೂರು ವಾಲಿದ್ದಳು.’
ಗುಟ್ಟು ಮಾತಾಡುವುದಕ್ಕಾ, ಅಂದೆ.
‘ಎಂಥ ಗುಟ್ಟು! ಪುಂಡಿನಾರು ಸರಿ ಜಜ್ಜಿರಲಿಲ್ಲ.’

ಕೆಂಪು ಪೆನ್ನು ಕಿತ್ತುಕೊಂಡು, ಕರಡಿನ ಬೆನ್ನಿಗೆ
ಒಂದು, ಎರಡು, ಮೂರು, ಮತ್ತೂ ಒಂದು.
ನಾಲ್ಕನೆಯವಳಿಗೆ ಜಾಗ ಸಾಲದೆ
ಒಂದು ಕಾಲು ಅಂಚಿನಿಂದ ಹೊರಗುಳಿಯಿತು.
‘ನಾಕು ಜನ ಇದ್ದಾರೆ, ಯಾರದ್ದೂ ಅಲ್ಲ, ಹಾಕು.’
ಸಂಜೆಗೆ ಅಚ್ಚಾಯಿತು. ಕೊನೆಯ ಸಾಲು ನಾನೇ ಸೇರಿಸಿದ್ದು,
ಆರು ಪಾಯಿಂಟಿನಲ್ಲಿ: ಗೊಂಬೆಗಳು ಗುತ್ಯಮ್ಮನವು.
ಆ ‘ಗಳು’ ಕೀಲಿ ಒತ್ತುವಾಗ
ಬಿಗಿ ಚಪ್ಪಲಿ ಕಳಚಿದ ಹಾಗಾಯಿತು.

ಕರಪತ್ರದ ಬಗ್ಗೆ ಸುಳ್ಳು ಹೇಳಲಾರೆ.
ನಿಯಮ ಸುಮ್ಮನೆ ಮಾಡಿದ್ದಲ್ಲ. ಹೋದ ವರ್ಷ ಶಿವಮೊಗ್ಗದಲ್ಲಿ ಯಾರೋ
ಹಳಸಿದ ಉಪ್ಪಿನಕಾಯಿಗೆ ಇದೇ ಮೂವರನ್ನು ಅಂಟಿಸಿ ಮಾರಿದ್ದ;
ಲಲಿತಾಕ್ಷಿ ಪೊಲೀಸ್ ಠಾಣೆಯ ಬೆಂಚಿನ ಮೇಲೆ
ಎರಡು ಹಗಲು ಕೂತಿದ್ದಳು, ಜಾಡಿ ಮಡಿಲಲ್ಲಿಟ್ಟುಕೊಂಡು.
ಅದಕ್ಕೇ ಮೂವತ್ತೊಂದು ಕಡೆ ಬಾಲ ಕತ್ತರಿಸಿದೆ, ಒಂದೊಂದನ್ನೂ ಎಣಿಸಿ.

ಮೂವತ್ತೆರಡನೆಯದು ಹಿಂಬದಿಯಲ್ಲಿ, ಕೃತಜ್ಞತೆಯ ಸಾಲು:
ಸಾಲುಗೊಂಬೆಯನ್ನು ಬರೆದುಕೊಟ್ಟ ಗುತ್ಯಮ್ಮನಿಗೆ.
ಸುತ್ತು ಹಾಕಿದೆ. ‘ಗುರುತನ್ನು’ ಅಂತ ಪಕ್ಕದಲ್ಲಿ ಬರೆದೆ.
ಬರೆದದ್ದನ್ನು ಹೊಡೆದು ಹಾಕಿದೆ.

ಮರುದಿನ ಲಲಿತಾಕ್ಷಿ ರುಜು ಹಾಕಲು ಬಂದಾಗ
ಆ ಸಾಲಿನ ಮೇಲೆ ಅವಳ ಬೆರಳು ನಿಂತಿತು.
ಹೊರಗೆ ಜೋಗ ರಸ್ತೆಯಲ್ಲಿ ಲಾರಿಯೊಂದು ಹಿಂದೆ ಸರಿಯುತ್ತಿತ್ತು.
ಪೆನ್ನಿನ ಟೋಪಿ ಮುಚ್ಚಿ ಕೇಳಿದಳು,
‘ಹನ್ನೆರಡು ಸಾವಿರ ಪ್ರತಿ ಎಂದಿಗೆ ಸಿಗುತ್ತೆ?’